ಹುಂಜಗಳನ್ನು ಏನು ಮಾಡ್ತೀರಿ?

ಹಿತ್ತಲಿರುವ ನಮ್ಮ ಗೆಳೆಯರು ಎಲ್ಲೇ ಸೇರಲಿ, ಈಗ ಇನ್‌ಕ್ಯುಬೇಟರಿನದೇ ಮಾತು. ಲೆಕ್ಕ ಸರಳ: 37.5 ಡಿಗ್ರಿ ಕಾವು, 21 ದಿನ. 18ನೇ ದಿನದವರೆಗೆ ದಿನಕ್ಕೆ ಮೂರು ಸಲವಾದರೂ ಮೊಟ್ಟೆ ಹೊರಳಿಸಬೇಕು, ಇಲ್ಲದಿದ್ದರೆ ಭ್ರೂಣ ಒಳಪೊರೆಗೆ ಅಂಟಿಕೊಳ್ಳುತ್ತದೆ. ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದರೆ ಜೇಡರ ಬಲೆಯಂಥ ರಕ್ತನಾಳಗಳು ಕಾಣುತ್ತವೆ. ಕೊನೆಯ ಮೂರು ದಿನ ಹೊರಳಿಸುವುದನ್ನು ನಿಲ್ಲಿಸಿ ತೇವಾಂಶವನ್ನು ಶೇ. 65ಕ್ಕೆ ಏರಿಸಿ. ಪದೇ ಪದೇ ಮುಚ್ಚಳ ತೆಗೆದರೆ ಪೊರೆ ಒಣಗಿ ಮರಿ ಒಳಗೇ ಸಿಕ್ಕಿಬೀಳುತ್ತದೆ.

ಊರಲ್ಲಿ ಕಾವಿಗೆ ಕೂತ ನಾಟಿ ಹೇಂಟೆ ಇದನ್ನೆಲ್ಲ ತಾನೇ ಮಾಡುತ್ತಿತ್ತು. ಬೆಂಗಳೂರಿನ ಗಿರಿರಾಜ, ಹೈದರಾಬಾದಿನ ವನರಾಜದಂಥ ಸುಧಾರಿತ ತಳಿಗಳು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಅದಕ್ಕೇ ಈ ಪೆಟ್ಟಿಗೆ.

ಆದರೆ ಪೆಟ್ಟಿಗೆ ಕೊಳ್ಳುವಾಗ ಯಾರೂ ಕೇಳದ ಪ್ರಶ್ನೆಯೊಂದಿದೆ. ಹುಟ್ಟುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳು. ನಾಲ್ಕೈದು ತಿಂಗಳಿಗೆ ಅವು ಬೆಳಗಿನ ಜಾವ ಕೂಗುತ್ತವೆ, ತಮ್ಮಲ್ಲೇ ಕಾದಾಡುತ್ತವೆ. ಪಕ್ಕದ ಮನೆಯವರು ಗೇಟಿಗೆ ಬರುತ್ತಾರೆ. ಊರಲ್ಲಾದರೆ ಹಬ್ಬಕ್ಕೆ ಸಾರಾಗುತ್ತಿತ್ತು. ಇಲ್ಲಿ ಮಗು ಅದಕ್ಕೆ ಆಗಲೇ ಹೆಸರಿಟ್ಟಿರುತ್ತದೆ.

ತಿನ್ನುವವರು ತಿನ್ನಲಿ, ಮಗುವಿಗೆ ಮೊದಲೇ ಹೇಳಲಿ. ತಿನ್ನದವರು ಒಯ್ಯುವವರನ್ನು ಮೊದಲೇ ಗೊತ್ತುಮಾಡಿಕೊಳ್ಳಲಿ. ರಾತ್ರಿ ಕೆರೆ ದಂಡೆಯಲ್ಲಿ ಬಿಟ್ಟುಬರುವುದು ಮಾತ್ರ ಬೇಡ. ಅದು ಬಿಡುಗಡೆಯಲ್ಲ, ನಾಯಿಗಳಿಗೆ ಊಟ.

ಉತ್ತರ ಸಿಕ್ಕ ಮೇಲೆ ಆರು ಮೊಟ್ಟೆ ಇಡಿ. ಮೊದಲ ಸಲಕ್ಕೆ ಅಷ್ಟು ಸಾಕು.