ಬೀದಿಯನ್ನು ಅವರೇ ಆರಿಸಲಿ

ಮನುಷ್ಯನನ್ನು ನಾವು ಸಾಮಾನ್ಯವಾಗಿ ಅವನ ಮಾತಿನಿಂದ ಅಳೆಯುತ್ತೇವೆ. ಸಲಾಮ್ ಹೇಳಿದರೆ ಮುಖ ನೋಡಿ ಉತ್ತರಿಸಬೇಕು, ಕೈ ಚಾಚಿದರೆ ಕೈ ಕೊಡಬೇಕು, ಹತ್ತು ಜನ ಸೇರಿದಲ್ಲಿ ನಗುತ್ತ ಬೆರೆಯಬೇಕು. ಇದರಲ್ಲಿ ಒಂದು ತಪ್ಪಿದರೂ ಆ ಮಗು 'ಹಠಮಾರಿ', ಆ ಯುವಕ 'ಸೊಕ್ಕಿನವನು'. ಅಡ್ಡಹೆಸರುಗಳಿಂದ ಪರಸ್ಪರ ಕರೆಯಬಾರದೆಂದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ಆದೇಶಿಸಿದೆ. ಆಟಿಸಂ ಇರುವವರ ವಿಷಯದಲ್ಲಿ ಈ ಆದೇಶ ನಮ್ಮ ನಡುವೆ ಎಷ್ಟು ಪಾಲನೆಯಾಗುತ್ತಿದೆ?

ಆಟಿಸಂ ಅಂಟುರೋಗವಲ್ಲ, ಜಿನ್ನ್ ಬಾಧೆಯಲ್ಲ, ಕೆಟ್ಟ ದೃಷ್ಟಿಯ ಫಲವೂ ಅಲ್ಲ. ಅದು ಮಿದುಳಿನ ಬೆಳವಣಿಗೆಯ ಒಂದು ಭಿನ್ನ ರೀತಿ. ಬಾಲ್ಯದಿಂದ ಜೀವನಪರ್ಯಂತ ಜೊತೆಗಿರುವಂಥದು. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಅದನ್ನು ವಿವರಿಸಿ ಬರೆದ ನಂತರದ ದಶಕಗಳಲ್ಲಿ, ತಾಯಿಯ ಪ್ರೀತಿಯ ಕೊರತೆಯೇ ಅದಕ್ಕೆ ಕಾರಣವೆಂದು ಹಲವು ತಜ್ಞರೇ ನಂಬಿದ್ದರು. ವಿಜ್ಞಾನ ಆ ವಾದವನ್ನು ಎಂದೋ ಕೈಬಿಟ್ಟಿದೆ. ನಮ್ಮ ಮನೆಗಳಲ್ಲಿ ಮಾತ್ರ ಇಂದಿಗೂ ಬಂಧುಗಳ ಬೆರಳು ತಾಯಿಯ ಕಡೆಗೇ ತಿರುಗುತ್ತದೆ.

ಕನ್ನಡದಲ್ಲಿ ಇದಕ್ಕೆ 'ಸ್ವಲೀನತೆ' ಎಂಬ ಪದವಿದೆ. ತನ್ನಲ್ಲೇ ಲೀನವಾಗುವುದು ಎಂದರ್ಥ. ಆದರೆ ಆಟಿಸಂ ಇರುವ ಎಷ್ಟೋ ವಯಸ್ಕರು ತಮ್ಮ ಬದುಕಿನ ಬಗ್ಗೆ ಹೇಳುವುದು ಬೇರೆಯೇ ಆಗಿದೆ. ಅವರಿಗೆ ಸ್ನೇಹ ಬೇಕು, ಜೊತೆ ಬೇಕು. ಎದುರಿನವರ ಕಣ್ಣನ್ನೇ ನೋಡುತ್ತಿದ್ದರೆ ಅವರ ಮಾತನ್ನು ಕೇಳಿಸಿಕೊಳ್ಳುವುದು ಕಷ್ಟವಾಗುತ್ತದೆ. ಕೇಳಿಸಿಕೊಳ್ಳಲೆಂದೇ ಅವರು ದೃಷ್ಟಿ ತಿರುಗಿಸುತ್ತಾರೆ. ಇತರರಂತೆ ಕಾಣಿಸಿಕೊಳ್ಳಲು ದಿನವಿಡೀ ನಟಿಸಿ ಸಂಜೆಗೆ ಬಳಲಿ ಬೀಳುತ್ತಾರೆ. ಸ್ವತಃ ಆಟಿಸಂ ಇರುವ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ಮುಖ್ಯ ವಿಚಾರವನ್ನು ಮಂಡಿಸಿದರು: ಅರ್ಥವಾಗದಿರುವ ಸಮಸ್ಯೆ ಒಂದು ಬದಿಯದಲ್ಲ, ಎರಡೂ ಬದಿಯದು. ಅವರಿಗೆ ನಾವು ಅರ್ಥವಾಗದಷ್ಟೇ ನಮಗೆ ಅವರೂ ಅರ್ಥವಾಗುವುದಿಲ್ಲ. ಹಾಗಿದ್ದರೂ ಬದಲಾಗುವ ಹೊರೆಯೆಲ್ಲ ಅವರ ಹೆಗಲ ಮೇಲೇಕೆ?

ಮಾತೊಂದೇ ಸಂವಹನವೆಂದು ಕುರ್‌ಆನ್ ಎಲ್ಲೂ ಹೇಳುವುದಿಲ್ಲ. ಪ್ರವಾದಿ ಝಕರಿಯ್ಯಾ(ಅ)ರಿಗೆ ದೊರೆತ ದೇವದೃಷ್ಟಾಂತವೇ ಮೌನವಾಗಿತ್ತು. ಜನರು ಅಲ್ಲಾಹನನ್ನು ಸ್ತುತಿಸಬೇಕೆಂಬ ಸಂದೇಶವನ್ನು ಅವರು ಸನ್ನೆಯಿಂದಲೇ ತಲುಪಿಸಿದರು. ಮಹಾತ್ಮೆ ಮರ್ಯಮ್(ಅ) ಮೌನವ್ರತದಲ್ಲಿದ್ದಾಗ ಜನರ ಆರೋಪಕ್ಕೆ ಕೊಟ್ಟ ಉತ್ತರ, ತೊಟ್ಟಿಲ ಕೂಸಿನ ಕಡೆಗಿನ ಒಂದು ಸಂಜ್ಞೆ ಮಾತ್ರ. ಇವರ ಮೌನದ ಕಾರಣ ಬೇರೆ, ನಿಜ. ಆದರೆ ಸನ್ನೆಗೆ ಕುರ್‌ಆನ್ ಇಷ್ಟು ಗೌರವ ಕೊಟ್ಟಿರುವಾಗ, ಚಿತ್ರದ ಕಾರ್ಡು ತೋರಿಸಿ ನೀರು ಕೇಳುವ ಮಗುವಿಗೆ ಬಾಯಿಬಿಟ್ಟು ಹೇಳಿದರೆ ಮಾತ್ರ ಕೊಡುವೆನೆಂದು ಹಟ ಹಿಡಿಯುವುದು ಸರಿಯೇ? ನಿಮ್ಮ ಭಾಷೆಗಳ ವೈವಿಧ್ಯದಲ್ಲಿ ದೃಷ್ಟಾಂತಗಳಿವೆ ಎಂಬ ಅರ್‌ರೂಮ್ ಅಧ್ಯಾಯದ ಮಾತಿನ ಆಶಯವನ್ನು ಈ ಮಕ್ಕಳವರೆಗೂ ವಿಸ್ತರಿಸಬಾರದೇಕೆ?

ಅವರಿಂದ ನಾವು ಕಲಿಯಬೇಕಾದುದೂ ಇದೆ. ಆಟಿಸಂ ಇರುವ ಅನೇಕರು ಮಾತನ್ನು ಅದರ ನೇರ ಅರ್ಥದಲ್ಲೇ ಗ್ರಹಿಸುತ್ತಾರೆ. ನಮ್ಮಲ್ಲಿ 'ಇನ್‌ಶಾ ಅಲ್ಲಾಹ್' ಎಂಬ ಪವಿತ್ರ ವಚನವು ಎಷ್ಟೋ ಸಲ 'ಆಗುವುದಿಲ್ಲ' ಎಂಬುದಕ್ಕೆ ಸಭ್ಯ ಮುಸುಕಾಗಿ ಬಳಕೆಯಾಗುತ್ತದೆ. ಶುಕ್ರವಾರ ಇನ್‌ಶಾ ಅಲ್ಲಾಹ್ ಸಮುದ್ರತೀರಕ್ಕೆ ಹೋಗೋಣ ಎಂದರೆ ಆ ಮಗು ಶುಕ್ರವಾರ ಚಪ್ಪಲಿ ಹಾಕಿ ಬಾಗಿಲಲ್ಲಿ ನಿಂತಿರುತ್ತದೆ. ಹೋಗದಿದ್ದಾಗ ಅದು ಅತ್ತರೆ ಅದನ್ನು ರೋಗಲಕ್ಷಣವೆನ್ನುತ್ತೇವೆ. ಆದರೆ ಮಾತಿಗೆ ನಿಲ್ಲಬೇಕೆಂದು ಸತ್ಯವಿಶ್ವಾಸಿಗಳಿಗೆ ಕಲಿಸಿದ ಧರ್ಮದ ಮುಂದೆ, ಇಲ್ಲಿ ತಿದ್ದಿಕೊಳ್ಳಬೇಕಾದವರು ಯಾರು?

ಪ್ರವಾದಿವರ್ಯರ(ಸ) ಮಾದರಿ ನಮ್ಮ ಮುಂದಿದೆ. ಅನಸ್(ರ)ರ ವರದಿಯೊಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಬುದ್ಧಿಯಲ್ಲಿ ಏನೋ ವ್ಯತ್ಯಾಸವಿದ್ದ ಮಹಿಳೆಯೊಬ್ಬರು ಪ್ರವಾದಿವರ್ಯರ(ಸ) ಬಳಿ ಬಂದು ತನಗೊಂದು ಅಗತ್ಯವಿದೆ ಎಂದರು. ಯಾವ ಬೀದಿಯಲ್ಲಿ ಬೇಕೋ ಅದನ್ನು ನೀವೇ ಆರಿಸಿರಿ, ಅಲ್ಲಿ ನಿಮ್ಮ ಅಗತ್ಯ ಪೂರೈಸುವೆ ಎಂದು ಪ್ರವಾದಿವರ್ಯರು(ಸ) ಹೇಳಿದರು. ಆಕೆಯ ಮಾತು ಮುಗಿಯುವವರೆಗೂ ಬೀದಿಯಲ್ಲಿ ನಿಂತು ಆಲಿಸಿದರು. ಆಕೆಯ ಸ್ಥಿತಿಗೆ ಇಂದಿನ ಹೆಸರು ಕೊಡುವುದು ಸಲ್ಲದು. ಆದರೆ ಸ್ಥಳವನ್ನು ಆಕೆ ಆರಿಸಿದರು, ಸಮಯವನ್ನು ಪ್ರವಾದಿವರ್ಯರು(ಸ) ಕೊಟ್ಟರು ಎಂಬ ಪಾಠ ಸ್ಪಷ್ಟ.

ಇಂದು ಆ ಬೀದಿ ಯಾವುದು? ಕೆಲವರಿಗೆ ಅದು ಧ್ವನಿವರ್ಧಕದಿಂದ ದೂರವಿರುವ ಹಿಂದಿನ ಸಾಲಿನ ಮೂಲೆ. ಕೆಲವರಿಗೆ ಮುಖಾಮುಖಿ ಮಾತಿನ ಬದಲು ಬರೆದು ಕಳಿಸುವ ಸಂದೇಶ. ಈದ್ ದಿನ ಆಲಿಂಗನ ಬೇಡವೆನ್ನುವವನಿಗೆ ದೂರದಿಂದ ಹೇಳುವ ಸಲಾಮ್ ಸಾಕು. ಮದುವೆ ಮನೆಯ ಗದ್ದಲದಿಂದ ಅರ್ಧಗಂಟೆಯಲ್ಲೇ ಎದ್ದು ಹೋಗುವ ಕುಟುಂಬಕ್ಕೆ ವಿವರಣೆ ಕೇಳದಿರುವುದೂ ಒಂದು ಉಪಕಾರ. ಕುರ್‌ಆನ್ ಓದುವಾಗ ಹಿಂದೆ ಮುಂದೆ ತೂಗುವ ಮಕ್ಕಳನ್ನು ಮದ್ರಸದಲ್ಲಿ ಯಾರೂ ಅಪಹಾಸ್ಯ ಮಾಡುವುದಿಲ್ಲ. ಮನಸ್ಸನ್ನು ಶಾಂತಗೊಳಿಸಲು ತೂಗುವ ಮಗುವಿಗೂ ಅದೇ ಗೌರವ ಸಲ್ಲಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಗುರುತಿಸಿದ 21 ಸ್ಥಿತಿಗಳಲ್ಲಿ ಆಟಿಸಂ ಕೂಡ ಒಂದು. ಸರಕಾರದ ಅನುದಾನ ಅಥವಾ ಮಾನ್ಯತೆಯುಳ್ಳ ಶಾಲೆಗಳು ಈ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕೆಂದು ಅದು ಹೇಳುತ್ತದೆ. ಮಗುವಿನ ಅಳು ಕೇಳಿ ನಮಾಝನ್ನೇ ಸಂಕ್ಷೇಪಗೊಳಿಸಿದ ಪ್ರವಾದಿಯ(ಸ) ಅನುಯಾಯಿಗಳಿಗೆ ಮಸೀದಿ, ಮದ್ರಸಗಳ ಬಾಗಿಲು ತೆರೆಯಲು ಕಾಯ್ದೆಯ ಒತ್ತಾಯ ಬೇಕಾಗಬಾರದು. ಮನೆಯ ಒಳಕೋಣೆಯಲ್ಲಿ ಅತಿಥಿಗಳ ಕಣ್ಣಿಗೆ ಬೀಳದಂತೆ ಬೆಳೆಯುತ್ತಿರುವ ಪ್ರತಿಯೊಂದು ಮಗುವೂ ಅಲ್ಲಾಹನು ನಮ್ಮ ಇಡೀ ಜಮಾಅತಿಗೆ ಒಪ್ಪಿಸಿದ ಅಮಾನತ್ತು. ಅವರು ಆರಿಸಿದ ಬೀದಿಗೆ ನಡೆದು ಹೋಗುವ ವಿನಯವನ್ನೂ ಅವರ ಮಾತು ಮುಗಿಯುವವರೆಗೆ ನಿಲ್ಲುವ ಸಹನೆಯನ್ನೂ ಅಲ್ಲಾಹನು ನಮಗೆ ಅನುಗ್ರಹಿಸಲಿ. ಆಮೀನ್.