ಇಂಗ್ಲಿಷು ಪಾಠವೂ ಮಕ್ಕಳ ಆಟವೂ

ಇಂಗ್ಲಿಷು ಪಾಠದ ಹೊತ್ತಿನಲ್ಲಿ ಚಿಕ್ಕ ತರಗತಿಯ ಹುಡುಗಿಯರು ಎದ್ದು ಓಡಾಡುತ್ತಾರೆ, ಚಿತ್ರ ಬರೆಯುತ್ತಾರೆ, ಖಾಲಿ ಡಬ್ಬಿಗಳನ್ನಿಟ್ಟುಕೊಂಡು ಅಂಗಡಿಯಾಟ ಆಡುತ್ತಾರೆ, ನೋಟುಪುಸ್ತಕದಲ್ಲಿ ಮಾತ್ರ ಬರಹವೇ ಕಾಣಿಸುವದಿಲ್ಲ ಎಂದು ತಾಯಿತಂದೆಗಳಲ್ಲಿ ಕೆಲವರು ಅಸಮಾಧಾನಪಡುವದುಂಟು. ಕಷ್ಟಪಟ್ಟು ಮಗಳನ್ನು ಓದಿಸುವವರು ಹೀಗೆ ಕೇಳುವದು ತಪ್ಪಲ್ಲ. ಆದರೆ ತುಂಬಿದ ನೋಟುಪುಸ್ತಕವೇ ಕಲಿತದ್ದಕ್ಕೆ ಸಾಕ್ಷಿಯೆಂಬದನ್ನು ನಾವು ಒಪ್ಪಲಾರೆವು. ಇಂಗ್ಲಿಷನ್ನು ಹೊಸದಾಗಿ ಕಲಿಯುವ ಮಗುವಿಗೆ ಆ ಭಾಷೆಯಿಂದ ಏನಾದರೊಂದು ಕೆಲಸವಾಗಬೇಕು; ಕೆಲಸಕ್ಕೆ ಬಾರದ ಮಾತು ನಾಲಿಗೆಯಲ್ಲಿ ನಿಲ್ಲುವದಿಲ್ಲವೆಂಬದೇ ನಮ್ಮ ಅಭಿಪ್ರಾಯ.

ಇದು ಎಂಥ ಗುರುತರವಾದ ವಿಷಯವೆಂಬದನ್ನು ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಕನ್ನಡದಲ್ಲಿ ಹತ್ತನೆಯ ತರಗತಿ ಮುಗಿಸಿ ಒಳ್ಳೆಯ ಅಂಕಗಳನ್ನು ಪಡೆದ ಹುಡುಗಿಯು ವಿಜ್ಞಾನ ಓದಬೇಕೆಂದು ಕಾಲೇಜಿಗೆ ಸೇರುತ್ತಾಳೆ. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಉತ್ತರ ತಿಳಿದಿದ್ದರೂ ಬಾಯಿ ಬಾರದೆ ಅವಳು ಹಿಂದಿನ ಬೆಂಚಿನಲ್ಲಿ ಮೌನವಾಗಿ ಕೂತುಬಿಡುತ್ತಾಳೆ. ಪ್ರಬಂಧವನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲವಳು ‘ನಿನ್ನ ಊರು ಯಾವದು?’ ಎಂಬ ಪ್ರಶ್ನೆಗೆ ಬೆಚ್ಚಿಬೀಳುವಳೆಂದರೆ ಅದು ಅವಳ ದಡ್ಡತನವಲ್ಲ. ಅವಳಿಗೆ ಯಾರೂ ಇಂಗ್ಲಿಷಿನಲ್ಲಿ ನಿಜವಾದ ಪ್ರಶ್ನೆಯನ್ನು ಕೇಳಿರಲಿಲ್ಲ, ಅಷ್ಟೇ.

ಸ್ವಲ್ಪ ಲೆಕ್ಕ ಹಾಕಿರಿ. ತರಗತಿಯಲ್ಲಿ 60 ಮಂದಿ ಹುಡುಗಿಯರು, ಪಾಠದ ಹೊತ್ತು 40 ನಿಮಿಷ ಎಂದಿಟ್ಟುಕೊಳ್ಳೋಣ. ಉಪಾಧ್ಯಾಯಿನಿಯು ತಾನು ತುಟಿ ತೆರೆಯದೆ ಒಬ್ಬೊಬ್ಬಳನ್ನೇ ಎಬ್ಬಿಸಿ ಮಾತಾಡಿಸಿದರೂ ಒಬ್ಬಳ ಪಾಲಿಗೆ 40 ಸೆಕೆಂಡು ಮಾತ್ರವೇ ಬರುವದು. ಮನೆಯಲ್ಲಿ ಇಂಗ್ಲಿಷು ಕಿವಿಗೆ ಬೀಳದ ಮಗುವಿಗೆ ಇದು ಏತಕ್ಕೆ ಸಾಲುವದು? ಅದೇ ಮಕ್ಕಳನ್ನು ಇಬ್ಬಿಬ್ಬರಾಗಿ ಕೂಡ್ರಿಸಿ 20 ನಿಮಿಷ ಪರಸ್ಪರ ಮಾತಾಡಿಸಿದರೆ ಒಬ್ಬೊಬ್ಬಳಿಗೆ 10 ನಿಮಿಷ ಸಿಕ್ಕುವದು. ಗದ್ದಲವಾಗುವದು ನಿಜ, ಪಕ್ಕದ ಕೋಣೆಯಲ್ಲಿ ಲೆಕ್ಕ ಕಲಿಸುವವರ ತಾಳ್ಮೆಗೆ ನಾವು ಋಣಿಗಳಾಗಿದ್ದೇವೆ.

ಎಲ್ಲಕ್ಕೂ ಮೊದಲು ಅಪ್ಪಣೆಯ ಆಟ. ‘ಓಪನ್ ದ ಡೋರ್’ ಎಂದರೆ ಬಾಗಿಲು ತೆರೆಯಬೇಕು, ‘ಟಚ್ ದ ರೆಡ್ ಬುಕ್’ ಎಂದರೆ ಕೆಂಪು ಪುಸ್ತಕವನ್ನು ಮುಟ್ಟಬೇಕು. ಇನ್ನೂ ಮಾತು ಬಾರದ ಹುಡುಗಿಯು ತನಗೆ ತಿಳಿಯಿತೆಂದು ಕೈಕಾಲುಗಳಿಂದ ತೋರಿಸುವಳು. ನಾಲ್ಕು ದಿನಗಳಾದ ಮೇಲೆ ಅಪ್ಪಣೆ ಕೊಡುವ ಅಧಿಕಾರವನ್ನು ಅವಳಿಗೇ ಕೊಟ್ಟರೆ, ಉಪಾಧ್ಯಾಯಿನಿಯನ್ನು ಕುಣಿಸುವ ಆಸೆಯಿಂದಲೇ ಬಾಯಿ ಬಿಡುವಳು. ಈ ಉಪಾಯ ಹೊಸದೇನೂ ಅಲ್ಲ. ಜಪಾನಿನಲ್ಲಿ ಇಂಗ್ಲಿಷು ಬೋಧನೆಯನ್ನು ತಿದ್ದುವದಕ್ಕೆ ದುಡಿದ ಹೆರಾಲ್ಡ್ ಪಾಮರ್ ಎಂಬ ಆಂಗ್ಲ ವಿದ್ವಾಂಸರು ತಮ್ಮ ಮಗಳೊಡನೆ ಕೂಡಿ ಇಂಥ ಪಾಠಗಳ ಪುಸ್ತಕವನ್ನು 1925ರಲ್ಲಿಯೇ ಹೊರತಂದರು. 1960ರ ದಶಕದಲ್ಲಿ ಅಮೇರಿಕದ ಜೇಮ್ಸ್ ಆಶರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ಒಂದು ಪದ್ಧತಿಯಾಗಿ ಬೆಳೆಸಿದರು.

ನಮ್ಮ ಕನ್ನಡದ ಮಕ್ಕಳಿಗೆ ಇಂಗ್ಲಿಷಿನಲ್ಲಿ ಎಡರಾಗುವ ಸ್ಥಳಗಳು ಬೇರೆಯೇ ಇವೆ. ಆಟವನ್ನು ಆರಿಸುವವರು ಅವುಗಳನ್ನು ಬಲ್ಲವರಾಗಿರಬೇಕು. ಕನ್ನಡದಲ್ಲಿ ‘ಬಂದಳು’ ಎಂಬದಕ್ಕೆ ಕೊನೆಯಲ್ಲಿ ಒಂದು ಸ್ವರ ಸೇರಿಸಿದರೆ ‘ಬಂದಳೇ?’ ಎಂಬ ಪ್ರಶ್ನೆ ಸಿದ್ಧ. ಇಂಗ್ಲಿಷಿನಲ್ಲಿಯೋ ‘ಶಿ ಕೇಮ್’ ಎಂಬದು ‘ಡಿಡ್ ಶಿ ಕಮ್’ ಎಂದಾಗಬೇಕು. ಎಲ್ಲಿಯೋ ಇದ್ದ ‘ಡಿಡ್’ ಮುಂದೆ ಬಂದು ನಿಲ್ಲುವದು, ‘ಕೇಮ್’ ಹೋಗಿ ‘ಕಮ್’ ಆಗುವದು. ಇದನ್ನು ಹಲಗೆಯ ಮೇಲೆ ನಿಯಮವಾಗಿ ಬರೆದು ನೂರು ಸಲ ನಕಲು ಮಾಡಿಸಬಹುದು. ಅದಕ್ಕಿಂತ, ಆರು ವಸ್ತುಗಳ ಚಿತ್ರಗಳನ್ನಿಟ್ಟು ಒಬ್ಬಳು ಅವುಗಳಲ್ಲೊಂದನ್ನು ಗುಟ್ಟಾಗಿ ತೆಗೆದುಕೊಳ್ಳಲಿ. ಗೆಳತಿಯು ‘ಡಿಡ್ ಯು ಟೇಕ್ ದ ಬಾಲ್?’, ‘ಡಿಡ್ ಯು ಟೇಕ್ ದ ಕೀ?’ ಎಂದು ಕೇಳಿ ಕಂಡುಹಿಡಿಯಲಿ. ಅದೇ ಪ್ರಶ್ನೆಯನ್ನು ಮೂವತ್ತು ಸಲ ಕೇಳಿದರೂ ಯಾರಿಗೂ ಬೇಸರವಿಲ್ಲ, ಯಾಕಂದರೆ ಉತ್ತರವು ಕೇಳುವವಳಿಗೆ ನಿಜವಾಗಿಯೂ ಬೇಕಾಗಿದೆ. ಚಿತ್ರ ಬರೆಯುವ ಆಟವೂ ಹೀಗೆಯೇ. ನಾವು ‘ಮೇಜಿನ ಮೇಲೆ’ ಎನ್ನುತ್ತೇವೆ, ಅವರು ‘ಮೇಲೆ’ಯನ್ನು ಮೊದಲಿಟ್ಟು ‘ಆನ್ ದ ಟೇಬಲ್’ ಎನ್ನುತ್ತಾರೆ. ಒಬ್ಬಳು ತನ್ನ ಕೈಯಲ್ಲಿರುವ ಚಿತ್ರವನ್ನು ತೋರಿಸದೆ ವರ್ಣಿಸಬೇಕು, ಇನ್ನೊಬ್ಬಳು ಕೇಳಿದಂತೆ ಬರೆಯಬೇಕು. ‘ಆನ್’ ಎನ್ನುವಲ್ಲಿ ‘ಅಂಡರ್’ ಎಂದರೆ ಬೆಕ್ಕು ಮೇಜಿನ ಕೆಳಗೆ ಹೋಗಿ ಕೂತಿರುವದು. ಕೆಂಪು ಶಾಯಿಯ ಅಗತ್ಯವೇ ಇಲ್ಲ.

ನಮ್ಮ ಸೀಮೆಯಲ್ಲಿಯೇ ಈ ವಿಚಾರದಲ್ಲಿ ದೊಡ್ಡದೊಂದು ಪ್ರಯೋಗ ನಡೆದಿತ್ತು. ಎನ್. ಎಸ್. ಪ್ರಭು ಎಂಬವರು 1979ರಿಂದ 1984ರ ವರೆಗೆ ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಕೆಲವು ಸಾಧಾರಣ ಶಾಲೆಗಳಲ್ಲಿ ವ್ಯಾಕರಣವನ್ನು ನೇರವಾಗಿ ಬೋಧಿಸದೆ, ರೈಲಿನ ವೇಳಾಪಟ್ಟಿ, ನಕಾಶೆ ಮೊದಲಾದವುಗಳ ಮೇಲೆ ಸಮಸ್ಯೆಗಳನ್ನು ಕೊಟ್ಟು ಮಕ್ಕಳಿಂದ ಇಂಗ್ಲಿಷಿನಲ್ಲಿ ಬಿಡಿಸಿದರು. ಇಂದು ಇದು ‘ಬೆಂಗಳೂರು ಯೋಜನೆ’ಯೆಂದು ಹೊರದೇಶಗಳ ಬೋಧಕರಲ್ಲಿಯೂ ಹೆಸರಾಗಿದೆ, ನಮ್ಮವರೇ ಅದನ್ನು ಮರೆತಂತೆ ತೋರುತ್ತದೆ. ಮಕ್ಕಳನ್ನು ಗುಂಪುಗೂಡಿಸಿ ಮಾತಾಡಿಸುವದನ್ನು ಮಾತ್ರ ಪ್ರಭು ಅವರು ಆದರಿಸಲಿಲ್ಲ; ಒಬ್ಬಳ ತಪ್ಪನ್ನು ಇನ್ನೊಬ್ಬಳು ಕಲಿತಾಳೆಂಬದು ಅವರ ಶಂಕೆ. ಶಂಕೆಗೆ ಆಧಾರವಿಲ್ಲದಿಲ್ಲ. ಆದರೂ ಆ 40 ಸೆಕೆಂಡಿನ ಲೆಕ್ಕವನ್ನು ನೆನೆದಾಗ ನಾವು ಅವರಿಂದ ಇಷ್ಟು ಮಾತ್ರ ದೂರ ಸರಿಯುತ್ತೇವೆ. ಬೇಕಾದ ಮಾತುಗಳನ್ನು ಹಲಗೆಯ ಮೇಲೆ ಬರೆದಿಟ್ಟು ಉಪಾಧ್ಯಾಯಿನಿಯು ಬೆಂಚುಗಳ ನಡುವೆ ತಿರುಗುತ್ತಿದ್ದರೆ ತಪ್ಪು ಬಹಳ ದೂರ ಹರಡಲಾರದು.

ಆಟವೆಂಬ ಹೆಸರಿನದೆಲ್ಲವೂ ಒಳ್ಳೆಯದೆಂದು ನಾವು ಹೇಳುವದಿಲ್ಲ. ಅರ್ಥ ತಿಳಿಯದ ಇಂಗ್ಲಿಷು ಹಾಡನ್ನು ಮೂರು ವಾರ ತಿದ್ದಿ ವಾರ್ಷಿಕೋತ್ಸವದಲ್ಲಿ ಹಾಡಿಸಿದರೆ ನೋಡುವವರಿಗೆ ಆನಂದವೇ ಹೊರತು ಮಗುವಿಗೆ ಭಾಷೆ ಬರುವದಿಲ್ಲ. ಒಬ್ಬಳು ಆಡಿ 59 ಮಂದಿ ನೋಡುವ ಆಟವೂ ಅಷ್ಟರದ್ದೇ. ಇಂಗ್ಲಿಷು ಪಾಠದಲ್ಲಿ ಕನ್ನಡವಾಡಿದರೆ ದಂಡವೆಂಬ ಕಟ್ಟಳೆಯನ್ನಂತೂ ನಾವು ಸರ್ವಥಾ ಒಪ್ಪೆವು. ಆಟದ ನಿಯಮವನ್ನು ಎರಡು ನಿಮಿಷ ಕನ್ನಡದಲ್ಲಿ ಹೇಳಿದರೆ ಉಳಿದ ಹೊತ್ತೆಲ್ಲ ಇಂಗ್ಲಿಷಿಗೆ ಉಳಿಯುವದು. ತನ್ನ ಮಾತಿಗಾಗಿ ನಾಚುವ ಮಗು ಯಾವ ಮಾತನ್ನೂ ಧೈರ್ಯವಾಗಿ ಆಡದು.

ಇಂಗ್ಲಿಷು ಬಾರದ ತಾಯಂದಿರು ತಮ್ಮಿಂದೇನಾದೀತೆಂದು ಹಿಂಜರಿಯಬೇಕಾಗಿಲ್ಲ. ಸಂಜೆ ಮಗಳು ಮನೆಗೆ ಬಂದಾಗ ‘ಎಷ್ಟು ಪುಟ ಬರೆದೆ?’ ಎಂದು ಕೇಳುವ ಬದಲು, ‘ನನಗೆ ಇಂಗ್ಲಿಷಿನಲ್ಲಿ ಏನಾದರೂ ಮಾಡಹೇಳವ್ವಾ’ ಎನ್ನಿರಿ. ಅವಳು ಹೇಳಿದಂತೆ ಎದ್ದು ಕಿಟಕಿ ಮುಚ್ಚಿರಿ. ತಿಳಿಯದಿದ್ದರೆ ಅವಳೇ ಕೈಹಿಡಿದು ತೋರಿಸುವಳು. ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಬೇಡಿಕೆ ಇನ್ನೂ ಸಣ್ಣದು. ಹಳೆಯ ಕ್ಯಾಲೆಂಡರಿನ ಚಿತ್ರಗಳು, ಊರಿನ ನಕಾಶೆಗಳು, ಬಸ್ಸು ರೈಲುಗಳ ವೇಳಾಪಟ್ಟಿಗಳು, ತೊಳೆದ ಖಾಲಿ ಡಬ್ಬಿಗಳು ನಿಮ್ಮ ಮನೆಗಳಲ್ಲಿದ್ದರೆ ಎಸೆಯದೆ ಶಾಲೆಗೆ ತಲಪಿಸಿರಿ. ಕೆಳಗಿನ ತರಗತಿಗಳ ಅಂಗಡಿಯಲ್ಲಿ ಗಿರಾಕಿಗಳು ಹೆಚ್ಚು, ಸರಕು ಯಾವಾಗಲೂ ಕಡಿಮೆ.