ವಿಮಾನದ ಸಿಂಬಿ

ಮೂಡಲಗಿಯ ವಾಚಕ ತಾಯಿಯವರೊಬ್ಬರು ನಮಗೆ ಪತ್ರ ಬರೆದಿರುತ್ತಾರೆ. ಅವರ ಮಗನು ವಿಮಾನಗಳ ದುರಸ್ತಿಯ ವಿದ್ಯೆಯನ್ನು ಕಲಿಯಹೋಗಿ ಎರಡು ವರುಷಗಳಾದುವು; ಕಬ್ಬಿನಿಂದ ಬಂದ ಹಣದ ಬಹುಭಾಗವು ಆ ಕಡೆಗೇ ಹರಿಯಿತು. ಆಕಾಶದಲ್ಲಿ ಲಾಗ ಹಾಕುವ ಸಣ್ಣ ವಿಮಾನವೊಂದರ ಮೇಲೆ ಅವನನ್ನು ಕೆಲಸಕ್ಕೆ ಹಚ್ಚಿರುವರಂತೆ. ಹಬ್ಬಕ್ಕೆ ಊರಿಗೆ ಬಂದಾಗ "ಏನು ಕಲಿತಿ, ಮಗನೆ?" ಎಂದು ಕೇಳಿದರೆ, "ಎಂಜಿನು ಕೂಡ್ರುವ ರಬ್ಬರು ನೋಡುವುದು, ಒರೆಸುವುದು, ಬದಲಿಸುವುದು" ಎಂದು ಹೇಳಿದನಂತೆ. ಇದೂ ಒಂದು ವಿದ್ಯೆಯೇ, ಇದಕ್ಕಾಗಿಯೇ ಇಷ್ಟು ವೆಚ್ಚವೇ ಎಂಬುದು ಅವರ ಪ್ರಶ್ನೆ. ಪ್ರಶ್ನೆಯಲ್ಲಿ ತುಸು ಕಹಿಯೂ ಇದೆ, ಅದು ಸಹಜವೇ. ಆದರೂ ಮಗನು ಹೇಳಿದ ಕೆಲಸವು ಹಗುರಾದುದಲ್ಲವೆಂಬುದನ್ನು ಈ ತಿಂಗಳು ವಿವರಿಸಬೇಕೆಂದಿರುವೆವು.

ನೀರಿನ ಕೊಡವನ್ನು ತಲೆಯ ಮೇಲೆ ಹೊರುವಾಗ ನಮ್ಮ ಹೆಣ್ಣುಮಕ್ಕಳು ಬಟ್ಟೆಯ ಸಿಂಬಿಯನ್ನು ಇಟ್ಟುಕೊಳ್ಳುತ್ತಾರಷ್ಟೆ. ಕೊಡದ ಭಾರವು ಸಿಂಬಿಯಿಂದ ಕಡಿಮೆಯಾಗುವುದಿಲ್ಲ. ಆದರೆ ಹೆಜ್ಜೆಹೆಜ್ಜೆಗೂ ಉಂಟಾಗುವ ಕುಲುಕು ತಲೆಗೆ ನಾಟುವುದಿಲ್ಲ. ವಿಮಾನದ ಎಂಜಿನಿಗೂ ಅದರ ಮೈಗೂ ನಡುವೆ ಇರುವ ರಬ್ಬರು ಇಂತಹ ಸಿಂಬಿಯೇ. ಆರು ಸಿಲಿಂಡರುಗಳ ಎಂಜಿನು ನಿಮಿಷಕ್ಕೆ 2700 ಸುತ್ತು ತಿರುಗುವಾಗ ಸುತ್ತಿಗೆ ಮೂರರಂತೆ ಸಿಡಿತಗಳಾಗುತ್ತವೆ. ಎಂದರೆ ಒಂದು ಸೆಕೆಂಡಿಗೆ 135 ಗುದ್ದುಗಳು. ಎಂಜಿನನ್ನು ಉಕ್ಕಿನ ಚೌಕಟ್ಟಿಗೆ ನೇರವಾಗಿ ಬಿಗಿದರೆ ಈ ಗುದ್ದುಗಳೆಲ್ಲವೂ ವಿಮಾನದ ಮೈಗೆ ಹಾಯುವುವು. ಎಣ್ಣೆಯ ಕೊಳವೆಗಳು ಸೀಳುತ್ತವೆ, ಅಳತೆಯ ಮುಳ್ಳುಗಳು ನಡುಗುತ್ತವೆ, ಹಾರಿಸುವವನ ಕೈಕಾಲುಗಳು ಜೋಮು ಹಿಡಿಯುತ್ತವೆ.

ಗೋಕಾವಿಯ ನೂಲಿನ ಗಿರಣಿಯಲ್ಲಿ ದುಡಿದವರಿಗೆ ಈ ಮಾತು ಬೇರೊಂದು ರೂಪದಲ್ಲಿ ತಿಳಿದಿರಬೇಕು. ವೇಗವಾಗಿ ತಿರುಗುವ ಕದಿರನ್ನು ಅಲುಗದಂತೆ ಬಿಗಿಹಿಡಿದರೆ ಅದು ನಡುಗಿ ಗದ್ದಲ ಮಾಡುತ್ತದೆ. ಅದಕ್ಕೆ ಕೂದಲೆಳೆಯಷ್ಟು ಸಡಿಲು ಕೊಟ್ಟರೆ ತನ್ನ ನಡುವನ್ನು ತಾನೇ ಕಂಡುಕೊಂಡು ಸುಮ್ಮನೆ ತಿರುಗುತ್ತದೆ. ಎಂಜಿನಿಗೂ ಹಾಗೆಯೇ ಅಳತೆಯರಿತು ಕೊಟ್ಟ ಸಡಿಲು ಬೇಕು. ಅಮೆರಿಕದ ಮೋಟಾರು ಗಾಡಿಗಳಲ್ಲಿ 1931ರಲ್ಲಿ ಪ್ಲಿಮತ್ ಗಾಡಿಯು ಇಂತಹ ರಬ್ಬರಿನ ಮೇಲೆ ತೇಲುವ ಎಂಜಿನಿನಿಂದಲೇ ಹೆಸರು ಗಳಿಸಿತು. ರಬ್ಬರನ್ನು ಲೋಹಕ್ಕೆ ಬಿಡದಂತೆ ಬೆಸೆಯುವ ಕೆಲಸವನ್ನು ಉದ್ಯಮವಾಗಿ ಬೆಳೆಸಿದವರಲ್ಲಿ ಹ್ಯೂ ಲಾರ್ಡ್ ಎಂಬವರು ಮುಖ್ಯರು. ಇವರು 1924ರಲ್ಲಿ ಈರಿ ಎಂಬ ಪಟ್ಟಣದಲ್ಲಿ ಕಾರಖಾನೆ ತೆಗೆದರು. ವೃತ್ತಿಯಿಂದ ಇವರು ವಕೀಲರೆಂಬುದು ಚೋದ್ಯ.

ಲಾಗ ಹಾಕುವ ವಿಮಾನದಲ್ಲಿ ಮಾತ್ರ ತಲೆಯ ಮೇಲಿನ ಸಿಂಬಿ ಸಾಲದು. ಕೊಡ ಹೊತ್ತವಳು ತಲೆಕೆಳಗಾದರೆ ಕೊಡವೂ ಉಳಿಯದು, ಸಿಂಬಿಯೂ ಉಳಿಯದು. ಆದುದರಿಂದ ಇಲ್ಲಿ ಚೌಕಟ್ಟಿನ ಕಿವಿಯ ಎರಡೂ ಮಗ್ಗುಲಿಗೆ ರಬ್ಬರಿನ ಗಾಲಿಗಳನ್ನಿಟ್ಟು, ನಡುವೆ ಬೋಲ್ಟು ತೂರಿಸಿ, ಎಂಜಿನು ಯಾವ ಕಡೆಗೆ ಜಗ್ಗಿದರೂ ಒಂದಿಲ್ಲೊಂದು ಗಾಲಿಯು ಅದನ್ನು ತಾಳಿಕೊಳ್ಳುವಂತೆ ಮಾಡಿರುತ್ತಾರೆ. ಇಂತಹ ಜೋಡಿಗಳು ಸಾಮಾನ್ಯವಾಗಿ ನಾಲ್ಕು: ಮೇಲೆರಡು, ಕೆಳಗೆರಡು. ಹಲವು ಎಂಜಿನುಗಳಲ್ಲಿ ಇವನ್ನು ನೆಟ್ಟಗೆ ಇಡದೆ, ನಾಲ್ಕರ ಮುಖಗಳೂ ಎಂಜಿನಿನ ಭಾರಕೇಂದ್ರದ ಕಡೆಗೆ ನೋಡುವಂತೆ ಓರೆಯಾಗಿ ಇಟ್ಟಿರುತ್ತಾರೆ. ಎಂಜಿನು ತೂಗಾಡಿದರೂ ತನ್ನ ನಡುವಿನ ಸುತ್ತಲೇ ತೂಗಾಡಲೆಂಬುದು ಇದರ ಉದ್ದೇಶ.

ತೂಕದ ಲೆಕ್ಕವನ್ನು ನೋಡಿರಿ. 260 ಅಶ್ವಶಕ್ತಿಯ ಎಂಜಿನು ಸುಮಾರು 175 ಕಿಲೊ ತೂಗುತ್ತದೆ. ಲಾಗ ಹಾಕುವ ವಿಮಾನಗಳನ್ನು ಮೇಲ್ಮೊಗವಾಗಿ ಭೂಮಿಯ ಎಳೆತದ 6 ಪಟ್ಟು, ತಲೆಕೆಳಗಾಗಿ 3 ಪಟ್ಟು ತಾಳುವಂತೆ ಕಟ್ಟಿರುತ್ತಾರೆ. ಎಂದರೆ ಆ ಎಂಜಿನು ಒಂದು ಕ್ಷಣದಲ್ಲಿ ಸಾವಿರ ಕಿಲೊ ಮೀರಿ ಕೆಳಗೆ ಜಗ್ಗಿ, ಮರುಕ್ಷಣದಲ್ಲಿ ಐದುನೂರು ಕಿಲೊ ಮೀರಿ ಮೇಲಕ್ಕೆ ಜಗ್ಗಬಹುದು. ಅಷ್ಟೇ ಅಲ್ಲ, ಮುಂದಿನ ಪಂಖವು ದೊಡ್ಡದೊಂದು ಬುಗುರಿ. ತಿರುಗುವ ಬುಗುರಿಯನ್ನು ಒಂದು ಕಡೆಗೆ ಒತ್ತಿದರೆ ಅದು ಮತ್ತೊಂದು ಕಡೆಗೆ ವಾಲುವುದನ್ನು ಮಕ್ಕಳೆಲ್ಲರೂ ಬಲ್ಲರು. ವಿಮಾನದ ಮೂಗನ್ನು ಥಟ್ಟನೆ ಎತ್ತಿದರೆ ಪಂಖವು ಪಕ್ಕಕ್ಕೆ ಎಳೆಯುತ್ತದೆ. ಈ ಓರೆಯ ಎಳೆತವೆಲ್ಲ ಬೀಳುವುದು ಎಂಜಿನಿನ ಮುಖ್ಯ ದಂಡದ ಮೇಲೆ ಹಾಗೂ ಈ ನಾಲ್ಕು ರಬ್ಬರುಗಳ ಮೇಲೆ.

ನಮ್ಮ ನಾಡಿಗೆ ಈ ವಿದ್ಯೆಯು ಹೊಸತಲ್ಲ. ಹುಕ್ಕೇರಿ ತಾಲೂಕಿನ ಸಂಕೇಶ್ವರದಿಂದ ಗಡಿ ದಾಟಿದರೆ ಗಡಹಿಂಗ್ಲಜ ಸೀಮೆ. ಅಲ್ಲಿಯ ಹಸೂರಚಂಪೂ ಎಂಬ ಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಡಾಕ್ಟರ ವಿಷ್ಣು ಮಾಧವ ಘಾಟಗೆಯವರು ಜರ್ಮನಿಯಲ್ಲಿ ಪ್ರಾಂಟ್ಲ್ ಪಂಡಿತರ ಬಳಿ ಓದಿ ಬಂದು, ಬೆಂಗಳೂರಿನ ಹಿಂದುಸ್ತಾನ ವಿಮಾನ ಕಾರಖಾನೆಯಲ್ಲಿ ಎಚ್‌ಟಿ-2 ಎಂಬ ಶಿಕ್ಷಣದ ವಿಮಾನವನ್ನು ರೂಪಿಸಿದರು. ಅದು 1951ರ ಆಗಸ್ಟದಲ್ಲಿ ಮೊದಲ ಸಲ ಹಾರಿತು. ಅನಂತರ ಅದೇ ಕಾರಖಾನೆಯ ದೀಪಕ ವಿಮಾನವು 1977ರ ಜನೇವರಿಯಲ್ಲಿ ಹಾರಿತು; ಅದರದು 260 ಅಶ್ವಶಕ್ತಿಯ ಲೈಕಮಿಂಗ್ ಎಂಜಿನು. ಹಾರಾಟದ ನಡುವೆಯೇ ಎಂಜಿನು ನಿಂತುಹೋಗುವ ಪ್ರಸಂಗಗಳು ಒದಗಿ, ಜೀವಹಾನಿಯೂ ಆಗಿ, 2009ರಲ್ಲಿ ದೀಪಕವನ್ನು ನೆಲಕ್ಕಿಳಿಸಿದರು. ಆ ದೋಷವನ್ನು ನಾವು ರಬ್ಬರಿನ ತಲೆಗೆ ಕಟ್ಟುವುದಿಲ್ಲ. ಒಂದೇ ಎಂಜಿನಿನ ವಿಮಾನದಲ್ಲಿ ಎಂಜಿನಿನ ಸುತ್ತಲಿನ ಯಾವ ವಸ್ತುವೂ ಕ್ಷುಲ್ಲಕವಲ್ಲವೆಂಬುದಕ್ಕೆ ಮಾತ್ರ ಇದನ್ನು ಹೇಳಿದೆವು.

ಇನ್ನು ಮಗನ ಕೆಲಸವೇನೆಂದು ನೋಡೋಣ. ಕುಕ್ಕರಿನ ರಬ್ಬರಿನ ಬಳೆಯು ವರುಷ ಕಳೆದಂತೆ ಬಿರುಸಾಗಿ ಸೀಳುಬಿಡುವುದನ್ನು ತಾವು ಕಂಡಿರುವಿರಿ. ಎಂಜಿನಿನ ಶಾಖ, ಚಿಮ್ಮುವ ಎಣ್ಣೆ, ಗಾಳಿಯಲ್ಲಿಯ ಓಜೋನು, ಇವು ಮೂರೂ ರಬ್ಬರಿನ ವೈರಿಗಳು. ಶಾಖದಿಂದ ಅದು ಗಡುಸಾಗುತ್ತದೆ, ಎಣ್ಣೆಯಿಂದ ಉಬ್ಬಿ ಮೆತ್ತಗಾಗುತ್ತದೆ, ಓಜೋನಿನಿಂದ ಬಿರಿಯುತ್ತದೆ. ವಿಮಾನವು ಹಾರದೆ ನಿಂತಿದ್ದರೂ ಎಂಜಿನಿನ ಭಾರವು ಹಗಲಿರುಳು ಅದರ ಮೇಲೆಯೇ ಇರುವುದರಿಂದ ರಬ್ಬರು ನಿಧಾನವಾಗಿ ಕುಗ್ಗಿ, ಕುಗ್ಗಿದಂತೆಯೇ ಉಳಿಯುತ್ತದೆ. ಆಗ ಎಂಜಿನಿನ ಮೂಗು ಕೆಳಗೆ ಜೋಲುತ್ತದೆ. ಪಂಖದ ಟೋಪಿಗೂ ಮುಂದಿನ ತಗಡಿನ ಹೊದಿಕೆಗೂ ನಡುವಿನ ಸಂದು ಕೆಳಗೂ ಮೇಲೂ ಸಮನಾಗಿರದಿದ್ದರೆ ಜಾಣ ಹುಡುಗನು ಹೊದಿಕೆ ಬಿಚ್ಚುವ ಮೊದಲೇ ರೋಗವನ್ನು ಊಹಿಸುತ್ತಾನೆ. ಎಂಜಿನನ್ನು ನಿಲ್ಲಿಸುವಾಗ ಅದು ಹಿಂದಿಗಿಂತ ಹೆಚ್ಚು ಒದರಾಡಿದರೂ ಇದೇ ಸಂಶಯ. ಹೊಗೆಯ ಕೊಳವೆಯು ಹೊದಿಕೆಗೆ ತಿಕ್ಕಿದ ಗುರುತು ಕಂಡರಂತೂ ಸಂಶಯಕ್ಕೆ ಎಡೆಯಿಲ್ಲ. ನೂರು ತಾಸಿನ ತಪಾಸಣೆಯಲ್ಲಿ ಇವೆಲ್ಲವನ್ನೂ ನೋಡುವುದುಂಟು; ಲಾಗ ಹಾಕುವ ವಿಮಾನದಲ್ಲಿ ಅಷ್ಟು ದಿನ ಕಾಯಬಾರದೆಂಬುದು ನಮ್ಮ ಅಭಿಪ್ರಾಯ.

ರಬ್ಬರನ್ನು ಪೆಟ್ರೋಲಿನಿಂದ ತೊಳೆಯಲಾಗದು. ಸಾಬೂನಿನ ನೀರಿನಿಂದ ಒರೆಸಬೇಕು. ಎಂಜಿನನ್ನು ದ್ರಾವಣ ಸಿಂಪಡಿಸಿ ತೊಳೆಯುವಾಗ ರಬ್ಬರಿನ ಮೇಲೆ ಮುಚ್ಚಿಗೆ ಇಡಬೇಕು. ಒರೆಸುವಾಗಲೇ ದೀಪ ಹಿಡಿದು, ರಬ್ಬರು ಲೋಹದಿಂದ ಕಳಚಿದೆಯೇ, ಚೌಕಟ್ಟಿನ ಬೆಸುಗೆಗಳಲ್ಲಿ ಕೂದಲಿನಂತಹ ಸೀಳು ಇದೆಯೇ ಎಂದು ನೋಡಬೇಕು. ತಾಯಿಯವರು "ಒರೆಸುವುದು" ಎಂದು ಕೇಳಿ ನೊಂದ ಕೆಲಸವು ಇದೇ.

ಬದಲಿಸುವುದು ಇನ್ನೂ ಸೂಕ್ಷ್ಮ. ಮೊದಲು ಮ್ಯಾಗ್ನೆಟೊ ಬಂದಾಗಿದೆಯೇ ಎಂದು ನೋಡದೆ ಪಂಖದ ಬಳಿ ಹೋಗಬಾರದು. ಎಂಜಿನಿನ ಭಾರವನ್ನು ಮೇಲಿನಿಂದ ಸರಪಳಿಯ ರಾಟೆಗೆ ಒಪ್ಪಿಸಿದ ಮೇಲೆಯೇ ಬೋಲ್ಟಿಗೆ ಕೈ ಹಚ್ಚಬೇಕು. ಜೋಡಿಯ ಎರಡು ಗಾಲಿಗಳು ಕಣ್ಣಿಗೆ ಒಂದೇ ತೆರನಾಗಿ ಕಂಡರೂ ಹಲವು ಮಾದರಿಗಳಲ್ಲಿ ಒಂದು ಬಿರುಸು, ಒಂದು ಮೆತು. ಮುಂಚಾಚಿದ ಎಂಜಿನಿನ ಭಾರದಿಂದ ಮೇಲಿನ ಜೋಡಿಗಳು ಎಳೆಯಲ್ಪಡುತ್ತವೆ, ಕೆಳಗಿನವು ಒತ್ತಲ್ಪಡುತ್ತವೆ. ಆದ ಕಾರಣ ಬಿರುಸು ಗಾಲಿಯ ಸ್ಥಾನವು ಮೇಲೊಂದು ತೆರ, ಕೆಳಗೊಂದು ತೆರ. ತಯಾರಕರ ಪುಸ್ತಕವನ್ನು ತೆರೆದಿಟ್ಟುಕೊಳ್ಳದೆ ನೆನಪಿನ ಮೇಲೆ ಜೋಡಿಸುವವನು ಎಷ್ಟು ಹಳಬನಾದರೂ ನಮಗೆ ಒಪ್ಪಿಗೆಯಿಲ್ಲ. ನಡುವಿನ ಉಕ್ಕಿನ ನಳಿಕೆಯು ರಬ್ಬರು ಎಷ್ಟು ಕುಗ್ಗಬೇಕೆಂಬುದನ್ನು ನಿಶ್ಚಯಿಸುತ್ತದೆ. ಅದನ್ನು ಮರೆತರೆ ರಬ್ಬರು ಜಜ್ಜಿಹೋಗುತ್ತದೆ. ಬಿಗಿಯುವಾಗ ರಬ್ಬರು ತಿರುಚಿಕೊಂಡರೆ ಮೊದಲ ದಿನದಿಂದಲೇ ಅದರ ಆಯುಷ್ಯ ಕ್ಷೀಣಿಸುತ್ತದೆ. ಖರ್ಚು ಉಳಿಸಲೆಂದು ಕೆಳಗಿನೆರಡನ್ನೇ ಬದಲಿಸುವವರೂ ಉಂಟು. ಹಳೆಯ ಎತ್ತಿಗೆ ಹೊಸ ಎತ್ತನ್ನು ಹೂಡಿದಂತೆ ಅದು. ಭಾರವು ಸಮನಾಗಿ ಹಂಚಿಕೆಯಾಗದು. ನಾಲ್ಕನ್ನೂ ಕೂಡಿಯೇ ಬದಲಿಸಬೇಕು. ಹೊಸ ರಬ್ಬರಾದರೂ ಕಪಾಟಿನಲ್ಲಿ ಕುಳಿತೇ ಮುದಿಯಾಗುವುದರಿಂದ ಅದು ತಯಾರಾದ ದಿನಾಂಕವನ್ನು ಓದಿ ಕೊಳ್ಳಬೇಕು.

ಇನ್ನೊಂದು ಸಂಗತಿಯನ್ನು ಕಲಿತ ಹುಡುಗರೂ ಮರೆಯುವುದುಂಟು. ರಬ್ಬರಿನೊಳಗಿಂದ ವಿದ್ಯುತ್ತು ಹರಿಯದು. ಎಂಜಿನಿನಿಂದ ಚೌಕಟ್ಟಿಗೆ ತಾಮ್ರದ ಹೆಣಿಗೆಯ ಪಟ್ಟಿಯೊಂದನ್ನು ಕಟ್ಟಿರುತ್ತಾರೆ. ರಬ್ಬರು ಬದಲಿಸಿ ಪಟ್ಟಿಯನ್ನು ಮರಳಿ ಕಟ್ಟದಿದ್ದರೆ, ಎಂಜಿನನ್ನು ಚಾಲೂ ಮಾಡುವ ದೊಡ್ಡ ಪ್ರವಾಹವು ಬೇರೆ ದಾರಿ ಕಾಣದೆ ವೇಗವನ್ನು ಹತೋಟಿಯಲ್ಲಿಡುವ ತಂತಿಗಳ ಮೂಲಕ ಹರಿದು ಅವುಗಳನ್ನು ಸುಡುತ್ತದೆ. ಈ ಎಲ್ಲ ಕೆಲಸದ ಕೊನೆಗೆ ಪುಸ್ತಕದಲ್ಲಿ ಸಹಿ ಮಾಡಬೇಕು. ಆ ಸಹಿಯನ್ನು ನಂಬಿ, ಮಾಡಿದವನ ಮುಖವನ್ನೂ ಕಾಣದವನೊಬ್ಬನು ಮರುದಿನ ಮುಂಜಾನೆ ವಿಮಾನವನ್ನು ತಲೆಕೆಳಗು ಮಾಡುತ್ತಾನೆ. ತಾಯಿಯವರ ಹಣವು ಹೋದುದು ಆ ಸಹಿಯ ಯೋಗ್ಯತೆಗಾಗಿ.

ಪತ್ರದ ಕೊನೆಗೆ ಅವರು ಮತ್ತೊಂದನ್ನು ಕೇಳಿದ್ದಾರೆ: ತೆಗೆದುಹಾಕಿದ ರಬ್ಬರನ್ನು ಮಗನು ತಂದುಕೊಟ್ಟರೆ ಹೊಲದ ಪಂಪಿನ ಕೆಳಗೆ ಇಡಬಹುದೇ? ಬೇಡ. ಬಿರುಸಾದ ರಬ್ಬರು ಪಂಪಿನ ಕುಲುಕನ್ನೂ ನುಂಗದು. ಪಂಪಿನ ತೂಕಕ್ಕೆ ತಕ್ಕ ಹೊಸ ರಬ್ಬರನ್ನು ಪೇಟೆಯಲ್ಲಿಯೇ ಕೊಳ್ಳಿರಿ. ತೆಗೆದ ರಬ್ಬರನ್ನು ಅಲ್ಲಿಯೇ ಕತ್ತರಿಸಿ ಒಗೆಯಬೇಕೆಂದು ಮಗನಿಗೆ ಬರೆಯಿರಿ. ಇಡಿಯಾಗಿ ಉಳಿದರೆ ಯಾರೋ ಒರೆಸಿ ಮತ್ತೆ ಕಪಾಟಿಗೆ ಸೇರಿಸಿಯಾರು.